ಹನ್ನೊಂದನೇ ಯೂನಿಟ್

ಮೇಷ್ಟ್ರು ರಿಟೈರಾದರೆ ಕನ್ನಡಕ ಒರೆಸಿಕೊಂಡು ಜಗಲಿ ಮೇಲೆ ಕೂರುತ್ತಾರೆ. ಬಸ್ ಡ್ರೈವರು ರಿಟೈರಾದರೆ ಬೇರೆಯವರು ಓಡಿಸುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಗೊರಕೆ ಹೊಡೆಯುತ್ತಾರೆ. ಪವರ್ ಹೌಸಿನವರು ಮಾತ್ರ ರಿಟೈರಾಗುವುದೇ ಇಲ್ಲ. ಸಂಬಳ ನಿಂತು ಪೆನ್ಷನ್ ಶುರುವಾಗುತ್ತದೆ, ಕ್ವಾರ್ಟರ್ಸಿನ ಬೀಗದ ಕೈ ವಾಪಸ್ ಹೋಗುತ್ತದೆ, ಹಾರ ಹಾಕಿಸಿಕೊಂಡು ಫೋಟೊ ತೆಗೆಸಿಕೊಳ್ಳುವುದೂ ಮುಗಿಯುತ್ತದೆ. ಮಾರನೆಯ ದಿನ ಬೆಳಗಿನ ಐದೂವರೆಗೆ ಎದ್ದು ನೋಡುತ್ತಾರೆ, ಡ್ಯೂಟಿಗೆ ಹೋಗಲು ಜಾಗವಿಲ್ಲ. ಸರಿ, ಮನೆಯಲ್ಲೇ ಶಿಫ್ಟ್ ಶುರು.

ಇಂಥವರನ್ನು ಗುಂಪಾಗಿ ನೋಡಬೇಕಾದರೆ ಮಳವಳ್ಳಿ ತಾಲ್ಲೂಕಿನ ಬ್ಲಫ್ ಕಡೆ ಬನ್ನಿ. ಕಾವೇರಿ ಇಲ್ಲಿ ಎರಡು ಕವಲಾಗಿ ಶಿವನಸಮುದ್ರವನ್ನು ನಡುಗಡ್ಡೆ ಮಾಡಿ, ಒಂದು ಕಡೆ ಗಗನಚುಕ್ಕಿಯಾಗಿ, ಇನ್ನೊಂದು ಕಡೆ ಭರಚುಕ್ಕಿಯಾಗಿ ಧುಮುಕುತ್ತಾಳೆ. ಗಗನಚುಕ್ಕಿ ಬದಿಯ ಬಂಡೆಯ ನೆತ್ತಿಯ ಮೇಲೆ ಬ್ಲಫ್, ಪಾತಾಳದಂಥ ಕಣಿವೆಯಲ್ಲಿ ಪವರ್ ಹೌಸು, ಇವೆರಡರ ನಡುವೆ ಇಳಿಜಾರಿನ ಕಂಬಿ ಮೇಲೆ ಹತ್ತಿಳಿಯುವ ಟ್ರಾಲಿ. ಆ ಟ್ರಾಲಿಯಲ್ಲಿ ಜೀವಮಾನವಿಡೀ ಇಳಿದು ಹತ್ತಿದವರಿಗೆ ಮಳವಳ್ಳಿಯಲ್ಲೋ ಮೈಸೂರಿನಲ್ಲೋ ಸೈಟು ಕೊಟ್ಟರೂ ಬೇಡ. ಕ್ವಾರ್ಟರ್ಸ್ ಬಿಡಲೇಬೇಕು, ಬ್ಲಫ್ ಬಿಡಲಾಗದು. ಹಾಗಾಗಿ ಅಲ್ಲಿಗೆ ಹೋಗುವ ದಾರಿಯಲ್ಲೇ, ಊರಾಚೆ ನಾಲ್ಕು ಗುಂಟೆ ತಗೊಂಡು ಮನೆ ಕಟ್ಟುತ್ತಾರೆ. ಆ ಮನೆಗಳನ್ನು ಗುರುತಿಸುವುದು ಸುಲಭ. ವಾಸ್ತುಪ್ರಕಾರ ಇರಬೇಕಾದ ಕಡೆ ಬಾಗಿಲು ಇರುವುದಿಲ್ಲ. ಮೀಟರ್ ಬೋರ್ಡು ಮಾತ್ರ ದೇವರ ಕೋಣೆಗಿಂತ ಚೊಕ್ಕಟವಾಗಿರುತ್ತದೆ.

ನಮ್ಮ ಭಾವನವರನ್ನೇ ತಗೊಳ್ಳಿ. ಆಪರೇಟರ್ ಆಗಿ ಸೇರಿ ಫೋರ್‌ಮನ್ ಆಗಿ ಹೊರಬಂದವರು. ಅವರಪ್ಪನೂ ಅಲ್ಲಿಯೇ ಇದ್ದವರು. ಹೀಗಾಗಿ ಭಾವನ ಲೆಕ್ಕದಲ್ಲಿ ಕರ್ನಾಟಕದಲ್ಲಿ ಇರುವುದು ಎರಡೇ ಮನೆತನ: ಮೈಸೂರು ಅರಸರದು, ಇನ್ನೊಂದು ತಮ್ಮದು. ಅರಸರು ಅಣೆಕಟ್ಟು ಕಟ್ಟಿಸಿದರು, ಇವರು ಸ್ವಿಚ್ ಹಾಕಿದರು.

ಬೆಳಿಗ್ಗೆ ಪೇಪರು ಬಂದರೆ ಮೊದಲು ತೆಗೆಯುವುದು ಜಲಾಶಯದ ಮಟ್ಟ. ಕನ್ನಂಬಾಡಿ ತುಂಬಿದರೆ 124.80 ಅಡಿ, ಅಲ್ಲಿಂದ ಒಂದೊಂದು ಇಂಚು ಇಳಿದದ್ದೂ ಇವರ ನಾಲಿಗೆ ಮೇಲಿರುತ್ತದೆ. ಕಬಿನಿಯನ್ನೂ ಬಿಡುವುದಿಲ್ಲ, ಯಾಕೆಂದರೆ ತಿರುಮಕೂಡಲಿನಲ್ಲಿ ಅದು ಕಾವೇರಿಗೆ ಸೇರಿದ ಮೇಲಲ್ಲವೇ ನೀರು ಇವರ ಬಾಗಿಲಿಗೆ ಬರುವುದು. “ಕನ್ನಂಬಾಡಿ ಕಟ್ಟೆ ಯಾಕೆ ಕಟ್ಟಿದ್ದು ಹೇಳು ನೋಡನ” ಎಂದು ಸಿಕ್ಕವರನ್ನೆಲ್ಲ ಕೇಳುತ್ತಾರೆ. ಕಬ್ಬಿಗೆ, ಭತ್ತಕ್ಕೆ ಎಂದರೆ ಮುಗಿಯಿತು. 1911ರಲ್ಲಿ ಕಟ್ಟೆ ಕೆಲಸ ಶುರುವಾಗುವಾಗ ಶಿವನಸಮುದ್ರದ ಯಂತ್ರಗಳಿಗೆ ಬೇಸಿಗೆಯಲ್ಲೂ ನೀರು ಸಿಗಬೇಕೆಂಬುದೂ ದೊಡ್ಡ ಕಾರಣವಾಗಿತ್ತು, ನಿಜ. ಆದರೆ ಭಾವ ಅಲ್ಲಿಗೆ ನಿಲ್ಲಿಸುವುದಿಲ್ಲ. “ಮಂಡ್ಯದ ಗದ್ದೆಗೆ ಹೋಗೋದು ನಮ್ದು ಮಿಕ್ಕಿದ್ ನೀರು” ಎಂದುಬಿಡುತ್ತಾರೆ. ಈ ಮಾತನ್ನು ಅವರು ಮನೆಯೊಳಗೆ ಮಾತ್ರ ಹೇಳುತ್ತಾರೆ ಎಂಬುದರಿಂದಲೇ ಅವರಿನ್ನೂ ಗಟ್ಟಿಮುಟ್ಟಾಗಿದ್ದಾರೆ.

ವರ್ಷದ ಉಳಿದ ದಿನಗಳು ಹೇಗೋ ಕಳೆಯುತ್ತವೆ. ಮಹಾಲಯ ಅಮಾವಾಸ್ಯೆಯಿಂದ ಕಾರ್ತಿಕದವರೆಗಿನ ಶನಿವಾರ ಭಾನುವಾರಗಳು ಭಾವನ ಪಾಲಿಗೆ ಪೀಕ್ ಲೋಡು. ಹಸ್ತೆ ಮಳೆ ಮುಗಿದು ಚಿತ್ತೆ ಹಿಡಿದಿರುತ್ತದೆ, ಬೆಳಗಿನ ಹೊತ್ತು ಕಣಿವೆಯಿಂದ ಮಂಜು ಏಳುತ್ತದೆ, ಗದ್ದೆ ತೆನೆ ಬಾಗಿಸಿರುತ್ತದೆ. ಬೆಂಗಳೂರಿನ ಮಗ, ಸೊಸೆ, ಮೊಮ್ಮಗಳು ವಾರಕ್ಕೊಮ್ಮೆ ಬರುವುದು ಈ ದಿನಗಳಲ್ಲೇ. ಅವರು ಬರುವುದು ಕಾರಿನಲ್ಲಿ ಎಂದು ನೀವಂದುಕೊಳ್ಳಬಹುದು. ಭಾವನಿಗೆ ಅವರು ಒಂದು ಟ್ರಾನ್ಸ್‌ಮಿಷನ್ ಲೈನಿನ ಮೇಲೆ ಬರುತ್ತಾರೆ. ಕನಕಪುರ ದಾಟಿದಾಗ ಒಂದು ಫೋನು, ಸಾತನೂರಿಗೊಂದು, ಹಲಗೂರಿಗೊಂದು, ಮಳವಳ್ಳಿಗೊಂದು. ಎಲ್ಲದರ ಟೈಮೂ ಬರೆದುಕೊಳ್ಳುತ್ತಾರೆ. ಮಗ ಹಲಗೂರಿನಲ್ಲಿ ಇಡ್ಲಿ ತಿನ್ನಲು ಇಪ್ಪತ್ತು ನಿಮಿಷ ನಿಂತ ಒಂದು ಶನಿವಾರ, “ಮಧ್ಯದಲ್ಲಿ ಎಲ್ಲೋ ಫಾಲ್ಟ್ ಐತೆ ಕಣಮ್ಮಿ” ಎಂದು ಅಕ್ಕನಿಗೆ ಹೇಳಿ ಸ್ಕೂಟರ್ ತೆಗೆದುಕೊಂಡು ಎದುರುಗೊಳ್ಳಲು ಹೊರಟೇಬಿಟ್ಟಿದ್ದರು.

ಬರೆದುಕೊಳ್ಳುತ್ತಾರೆ ಎಂದೆನಲ್ಲ, ಆ ಪುಸ್ತಕದ ವಿಷಯ ಹೇಳಬೇಕು. ಅದು ಲಾಗ್‌ಬುಕ್. ಅಂಗಡಿಯಲ್ಲಿ ಕೊಂಡ ಉದ್ದನೆಯ ರೂಲ್ಡ್ ಪುಸ್ತಕ, ಗಂಟೆಗೊಂದು ಸಾಲು, ಮಾರ್ಜಿನ್ನು ಕೆಂಪು ಇಂಕಿನಲ್ಲಿ. ಡ್ಯೂಟಿಯಲ್ಲಿದ್ದಾಗ ಬೇರಿಂಗ್ ಎಷ್ಟು ಬಿಸಿಯಾಗಿದೆ, ಗೇಟು ಎಷ್ಟು ತೆರೆದಿದೆ, ಲೋಡ್ ಎಷ್ಟು ಎಂದು ಬರೆದ ಕೈ ಸುಮ್ಮನಿರದು. ಈಗ ನೀರಿನ ಟ್ಯಾಂಕು ತುಂಬಿದ್ದು, ಗ್ಯಾಸ್ ಸಿಲಿಂಡರ್ ಬದಲಿಸಿದ್ದು, ಅಕ್ಕ ಸಿಟ್ಟು ಮಾಡಿಕೊಂಡದ್ದು, ಮತ್ತೆ ಮಾತಾಡಿಸಿದ್ದು, ಎಲ್ಲಕ್ಕೂ ಗಂಟೆ ನಿಮಿಷ ಉಂಟು. ಶಿವನಸಮುದ್ರದ ಪವರ್ ಹೌಸಿನಲ್ಲಿ ಇರುವುದು ಹತ್ತು ಯೂನಿಟ್: ಮೂರು ಮೆಗಾವ್ಯಾಟಿನವು ಆರು, ಆರರವು ನಾಲ್ಕು, ಒಟ್ಟು 42 ಮೆಗಾವ್ಯಾಟ್. ಭಾವನ ಲಾಗ್‌ಬುಕ್ಕಿನಲ್ಲಿ ಹನ್ನೊಂದನೆಯದೂ ಒಂದಿದೆ. ಅದು ನಾಯಿ.

ಅಕ್ಕ ಅದನ್ನು ಕರೆಯುವುದು ಕೆಂಪ ಅಂತ. ಕ್ವಾರ್ಟರ್ಸ್ ಖಾಲಿ ಮಾಡುವ ವಾರ, ಸಾಮಾನು ಏರಿಸುತ್ತಿದ್ದ ಟೆಂಪೋದೊಳಕ್ಕೆ ತಾನೇ ಹತ್ತಿ ಅಕ್ಕಿ ಮೂಟೆ ಮೇಲೆ ಮಲಗಿದ್ದ ಕಂದು ಮರಿ. ಇಳಿಸಿದರೂ ಹತ್ತಿತು, ಮತ್ತೆ ಇಳಿಸಿದರೂ ಹತ್ತಿತು. “ಬಿಡು, ಇದ್ಕೂ ಬ್ಲಫ್ ಬಿಟ್ಟಿರಕಾಗಲ್ಲ” ಎಂದು ಭಾವ ಅಂದದ್ದೇ ನೇಮಕಾತಿ ಆದೇಶ. ತಳಿ ಯಾವುದೆಂದು ಸೊಸೆ ಕೇಳಿದಾಗ “ಪವರ್ ಹೌಸ್ ತಳಿ” ಎಂದರು. ಈ ಕಡೆ ಚಿರತೆ ಕಾಟ. ಊರಾಚೆ ಮನೆಗಳಲ್ಲಿ ರಾತ್ರಿ ಕಟ್ಟಿಹಾಕಿದ ನಾಯಿ ಬೆಳಗಾಗುವುದರಲ್ಲಿ ಬರೀ ಸರಪಳಿಯಾಗಿರುವುದು ಎಲ್ಲರಿಗೂ ಗೊತ್ತು. ಹಾಗಾಗಿ ಕೆಂಪನಿಗೆ ರಾತ್ರಿಪಾಳಿ ಮನೆಯೊಳಗೆ, ಮಂಚದ ಕೆಳಗೆ. ಕಾವಲಿಗೆಂದು ಸಾಕಿದ ನಾಯಿಯನ್ನು ಬಾಗಿಲು ಹಾಕಿಕೊಂಡು ಮನೆಯವರೇ ಕಾಯುತ್ತಾರೆ.

ಕೆಂಪನ ಲಾಗು ಹೀಗಿರುತ್ತದೆ: 6.00, ಯೂನಿಟ್ 11 ಚಾಲೂ. 6.10, ಹಾಲು ಸ್ವೀಕರಿಸಿದೆ. 7.30, ಗಗನಚುಕ್ಕಿ ಕಡೆಯ ಕೋತಿಗಳೊಂದಿಗೆ ಸಣ್ಣ ತಕರಾರು, ಸೋತಿದೆ. 11.00, ಲೋಡ್ ಇಲ್ಲ, ನಿದ್ರೆ. 14.00, ಅದೇ ಸ್ಥಿತಿ. ಗುಡುಗು ಬಂದ ದಿನ ಒಂದೇ ಶಬ್ದ: ‘ಟ್ರಿಪ್’.

ಕಳೆದ ಪಿತೃಪಕ್ಷದಲ್ಲಿ ನಡೆದದ್ದು ನೆಂಟರಿಷ್ಟರಲ್ಲಿ ಈಗಲೂ ಚರ್ಚೆಯಲ್ಲಿದೆ. ನಮ್ಮ ಕಡೆ ಹಿರಿಯರಿಗೆ ಎಡೆ ಇಡುವ ಪದ್ಧತಿ ಗೊತ್ತಲ್ಲ. ತೀರಿಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಲೆ ಮೇಲೆ ಬಡಿಸಿ, ಹೊಸ ಬಟ್ಟೆ ಇಟ್ಟು, ಕೈಮುಗಿದು, ಅವರು ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿಕೊಂಡು ಸ್ವಲ್ಪ ಹೊತ್ತು ಹೊರಗಿರುತ್ತೇವೆ. ಅವತ್ತು ಮುದ್ದೆ, ನಾಟಿ ಕೋಳಿ ಸಾರು, ವಡೆ, ಭಾವನ ಅಪ್ಪನಿಗೆಂದು ಒಂದು ಕಟ್ಟು ಬೀಡಿ. ಹತ್ತು ನಿಮಿಷ ಬಿಟ್ಟು ಬಾಗಿಲು ತೆಗೆದರೆ ಎಲೆ ತೊಳೆದಿಟ್ಟಷ್ಟು ಶುಭ್ರ. ಬೀಡಿ ಮಾತ್ರ ಇದ್ದ ಹಾಗೇ ಇತ್ತು. ಭಾವನ ಸೋದರತ್ತೆ “ನಮ್ಮಣ್ಣಯ್ಯ ಬಂದು ಉಂಡವ್ನೆ ಕಣ್ರೋ” ಎಂದು ಅತ್ತೇಬಿಟ್ಟರು. ಅವರು ಅಳುತ್ತಿರುವಾಗ ಮಂಚದ ಕೆಳಗಿನಿಂದ ಕೆಂಪ ಆಕಳಿಸುತ್ತ ಹೊರಬಂದ. ಯಾರೂ ಏನೂ ಹೇಳಲಿಲ್ಲ. ರಾತ್ರಿ ಲಾಗ್‌ಬುಕ್ಕಿನಲ್ಲಿ ಭಾವ ಬರೆದರು: ‘13.20, ಹಿರಿಯರು ಬಂದುಹೋದರು. 20.00, ಯೂನಿಟ್ 11 ಊಟ ನಿರಾಕರಿಸಿದೆ. ಎರಡಕ್ಕೂ ಸಂಬಂಧ ಇದೆಯೇ ಎಂಬುದು ಪರಿಶೀಲನೆಯಲ್ಲಿದೆ.’

ಈ ಮನೆಯಲ್ಲಿ ಭಾವನ ಅಧಿಕಾರಕ್ಕೆ ಸಿಕ್ಕದ ಇಲಾಖೆ ಒಂದೇ, ಅಕ್ಕನ ಕೌದಿ.

ಅಕ್ಕ ಮೊದಲು ಹೊಲಿಯುತ್ತಿದ್ದುದು ಎರಡು ಹಳೆ ಸೀರೆ ಜೋಡಿಸಿ ಅಂಚು ಕಟ್ಟಿದ ಹೊದಿಕೆ, ಅಷ್ಟೆ. ಧಾರವಾಡದ ಕಡೆಯ ಸೊಸೆ ಬಂದ ಮೇಲೆ ವಿದ್ಯೆ ಬದಲಾಯಿತು. ಆ ಹುಡುಗಿ ತವರಿನಿಂದ ತಂದ ಕೌದಿಯನ್ನು ನೋಡಿ ಅಕ್ಕ ಬೆರಗಾದಳು. ಮೆತ್ತನೆಯ ಹಳೆ ಸೀರೆಗಳು ಪದರ ಪದರವಾಗಿ ಒಳಗೆ, ಮೇಲೆ ಬಣ್ಣ ಬಣ್ಣದ ತುಂಡು, ಅಂಚಿನಿಂದ ಶುರುವಾಗಿ ಸುತ್ತಿ ಸುತ್ತಿ ನಡುವಿಗೆ ಬರುವ ಕೈಹೊಲಿಗೆ. ಅವರ ಕಡೆ ಹಳೆ ಬಟ್ಟೆ ಕೊಟ್ಟರೆ ಮನೆ ಮುಂದೆಯೇ ಕೂತು ಹೊಲಿದುಕೊಡುವ ಹೆಂಗಸರೂ ಬರುತ್ತಿದ್ದರಂತೆ. “ಅತ್ತಿ, ಸೂಜಿ ಎಳಿಯೂ ಮುಂದ ದಾರ ಭಾಳ ಬಿಗಿ ಮಾಡಬ್ಯಾಡ್ರಿ, ಕೌದಿ ಸುಕ್ಕ ಬೀಳತೈತಿ” ಎಂದು ಸೊಸೆ, “ಹಂಗಾ ಕೂಸೇ, ನೀನೇ ಒಂದ್ ಸಾಲು ಹಾಕ್ ತೋರ್ಸು” ಎಂದು ಅತ್ತೆ. ಅತ್ತೆ ಸೊಸೆ ಜಗಳದಲ್ಲಿ ಮಧ್ಯಸ್ಥಿಕೆ ವಹಿಸಲು ಸಿದ್ಧವಾಗಿದ್ದ ಮಗನಿಗೆ ಕೆಲಸವೇ ಸಿಗಲಿಲ್ಲ. ಇಬ್ಬರೂ ಶನಿವಾರ ಮಧ್ಯಾಹ್ನ ಹಜಾರದ ನೆಲದ ಮೇಲೆ ಸೀರೆ ಹಾಸಿ ಕೂತರೆ ಭಾನುವಾರ ಸಂಜೆ ಕಾರು ಹೊರಡುವವರೆಗೆ ಏಳುವುದಿಲ್ಲ. ಹಾಸಿದ ಕೌದಿಯ ನಡುಮಧ್ಯದಲ್ಲಿ ಕೆಂಪ. ಅವನ ಸುತ್ತ ಹೊಲಿಗೆ ಬರುತ್ತದೆ, ಅವನಿರುವ ಜಾಗ ಬಂದಾಗ ಅವನನ್ನು ಕೌದಿ ಸಮೇತ ಎಳೆದು ಆಚೆ ಸರಿಸುತ್ತಾರೆ, ಅವನು ಕಣ್ಣು ಬಿಡದೆ ಮತ್ತೆ ಉರುಳಿಕೊಂಡು ಬರುತ್ತಾನೆ.

ಭಾವ ಆ ಹೊತ್ತಿನಲ್ಲಿ ಮೊಮ್ಮಗಳಿಗೆ ಇತಿಹಾಸ ಹೇಳುತ್ತಿರುತ್ತಾರೆ. 1902ರ ಜೂನ್ 30ರಂದು ಇಲ್ಲಿಂದ ಹೊರಟ ಕರೆಂಟು 92 ಮೈಲಿ ಓಡಿ ಕೋಲಾರದ ಚಿನ್ನದ ಗಣಿ ಸೇರಿದ್ದು, ಕಾಡುಮೇಡಿನಲ್ಲಿ ಯಂತ್ರಗಳನ್ನು ಆನೆಗಳಿಂದ ಎಳೆಸಿದ್ದು, ಲೊಟ್ಬಿನಿಯರ್ ಎಂಬ ಇಂಜಿನಿಯರ್ ಸಾಹೇಬ ಅಮೆರಿಕ, ಯೂರೋಪು ಸುತ್ತಿ ಬಂದು ಯೋಜನೆ ಮಾಡಿದ್ದು, ಮೂರು ವರ್ಷ ಬಿಟ್ಟು 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂದದ್ದು. ದಿವಾನ್ ಶೇಷಾದ್ರಿ ಅಯ್ಯರ್ ಇಷ್ಟೆಲ್ಲ ಹಟ ಹಿಡಿದು ಮಾಡಿಸಿ, ಕರೆಂಟು ಹರಿಯುವುದನ್ನು ನೋಡದೆ 1901ರಲ್ಲೇ ತೀರಿಕೊಂಡರು ಎನ್ನುವಾಗ ಭಾವನ ದನಿ ಪ್ರತಿಸಲವೂ ಸ್ವಲ್ಪ ತಗ್ಗುತ್ತದೆ. ಇದು ನಾಟಕವಲ್ಲ, ಅವರಿಗೆ ನಿಜಕ್ಕೂ ಮನೆಯ ಹಿರಿಯರೊಬ್ಬರು ಗೃಹಪ್ರವೇಶಕ್ಕೆ ಮೊದಲೇ ಹೋದ ಹಾಗೆ. ಮೊಮ್ಮಗಳು ಮಾತ್ರ ಕೇಳುವುದು ಒಂದೇ ಪ್ರಶ್ನೆ: “ತಾತ, ಆನೆಗೆ ಓವರ್‌ಟೈಮ್ ಕೊಟ್ರಾ?” ಇಂಥ ಪ್ರಶ್ನೆ ಬೆಂಗಳೂರಿನ ಹುಡುಗಿಗೆ ಹೊಳೆಯುವುದಲ್ಲ, ತಾತನ ಸಹವಾಸ.

ಅಕ್ಕನ ಕಣ್ಣು ಬಹಳ ದಿನದಿಂದ ಭಾವನ ಟ್ರಂಕಿನ ಮೇಲಿತ್ತು. ಅದರೊಳಗೆ ಅವರ ಖಾಕಿ ಶರ್ಟುಗಳಿದ್ದವು, ಇಸ್ತ್ರಿ ಮುರಿಯದಂತೆ ಮಡಚಿ, ನುಸಿಗುಳಿಗೆ ಹಾಕಿ. ಸೊಸೆ ಹೇಳಿದ್ದಳಂತೆ: ಹಳಿಯಾಳ, ಯಲ್ಲಾಪುರದ ಕಾಡಿನ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿಗೆ ನಾಲ್ಕು ಮೂಲೆಯಲ್ಲೂ ತ್ರಿಕೋನವಾಗಿ ಮಡಚಿದ ಬಟ್ಟೆಯ ಹೂವು ಇರಬೇಕು, ಅದಿಲ್ಲದಿದ್ದರೆ ಅವರ ಕಣ್ಣಿಗೆ ಕೌದಿ ಬೆತ್ತಲೆ. ಮೂಲೆಯಲ್ಲವೇ ಬೇಗ ಸವೆಯುವುದು? ಗಟ್ಟಿ ಬಟ್ಟೆ ಬೇಕು. ಮನೆಯಲ್ಲಿ ಖಾಕಿಗಿಂತ ಗಟ್ಟಿ ಬಟ್ಟೆ ಯಾವುದಿದೆ?

“ಅದು ಸರ್ಕಾರಿ ಸಾಮಾನು.”

“ರಿಟೈರಾಗಿ ಆರು ವರ್ಸ ಆಯ್ತು ಕಣ್ರೀ. ಸರ್ಕಾರ ಬಂದು ಶರ್ಟು ಕೇಳ್ತದಾ?”

“ಕೇಳಿದ್ರೆ?”

ಈ ಸಂಭಾಷಣೆ ಎರಡು ದಸರಾ ಕಂಡಿತು. ಕೊನೆಗೆ ದೀಪಾವಳಿಯ ಶನಿವಾರ ಮೊಮ್ಮಗಳು ಮುಂದೆ ಬಂದಳು. ಕರೆಂಟಿನವರ ಮನೆಯಲ್ಲಿ ಬೆಳೆದ ಎಲ್ಲರಿಗೂ ಗೊತ್ತಿರುವಂತೆ, ಲೈನ್ ಮುಟ್ಟುವ ಮೊದಲು ಎಲ್.ಸಿ. ತಗೋಬೇಕು, ಅಂದರೆ ಲೈನ್ ಕ್ಲಿಯರ್. ಆ ಚೀಟಿ ಕೈಗೆ ಬರುವವರೆಗೆ ಕಂಬ ಹತ್ತಿದವನು ಮೂರ್ಖ. “ತಾತ, ಟ್ರಂಕಿಗೆ ಎಲ್.ಸಿ. ಕೊಡು” ಎಂದಳು. ಎಷ್ಟೋ ವರ್ಷದಿಂದ ಯಾರೂ ಅವರನ್ನು ಎಲ್.ಸಿ. ಕೇಳಿರಲಿಲ್ಲ. ಭಾವ ಎದ್ದು ನಿಂತರು. ಕನ್ನಡಕ ಹಾಕಿಕೊಂಡರು. ಲಾಗ್‌ಬುಕ್ಕಿನ ಹಾಳೆ ಹರಿದು ಬರೆದರು: ‘ಖಾಕಿ ಶರ್ಟು ಒಂದು, ಎಡ ತೋಳಿನಲ್ಲಿ ಗ್ರೀಸ್ ಕಲೆ. ಪಡೆದವರು ಕೆಲಸ ಮುಗಿದ ಕೂಡಲೇ ಸುಸ್ಥಿತಿಯಲ್ಲಿ ಹಿಂದಿರುಗಿಸತಕ್ಕದ್ದು.’ ಮೊಮ್ಮಗಳು ಸಹಿ ಹಾಕಿದಳು. ಐದು ನಿಮಿಷದಲ್ಲಿ ಅಕ್ಕನ ಕತ್ತರಿ ಆ ಶರ್ಟಿನ ಬೆನ್ನು ದಾಟಿತ್ತು. ಭಾವ ಆಗ ಮನೆಯಲ್ಲಿರಲಿಲ್ಲ. ನೀರು ಎಷ್ಟು ಬಿಟ್ಟಿದ್ದಾರೆ ನೋಡಿ ಬರುತ್ತೇನೆಂದು ಗಗನಚುಕ್ಕಿಗೆ ಹೋಗಿದ್ದರು.

ಮೂಲೆ ನಾಲ್ಕೂ ಸಜ್ಜಾದವು. ಭಾವ ಬಂದು ಅಳತೆಪಟ್ಟಿ ಇಟ್ಟು ಒಂದು ಮೂಲೆ ಕಾಲಿಂಚು ಓರೆಯಾಗಿದೆ ಎಂದು ಬಿಚ್ಚಿಸಿದರು. ಮತ್ತೆ ಹೊಲಿದದ್ದೂ ಆಯಿತು. ಕಟ್ಟಕಡೆಯ ಮೂಲೆ ಮುಚ್ಚುವಾಗ ಸೊಸೆ ತಡೆದಳು. “ತಡೀರಿ ಅತ್ತಿ. ಕೌದಿ ಹೊಟ್ಟಿ ಬರಿದ ಇರಬಾರದ್ರಿ. ನಮ್ಮವ್ವ ಒಂದ ತುಕಡಿ ರೊಟ್ಟಿ ಇಟ್ಟ ಮುಚ್ಚತಿದ್ಲು.” ಜೋಳದ ರೊಟ್ಟಿ ಈ ಮನೆಯಲ್ಲಿ ಎಲ್ಲಿಂದ ಬರಬೇಕು? ಬೆಳಗಿನ ರಾಗಿ ರೊಟ್ಟಿಯ ಚೂರೊಂದಿತ್ತು, ತುಪ್ಪ ಸವರಿದ್ದು. ಅದನ್ನೇ ಇಟ್ಟು ಹೊಲಿದರು. ಇಟ್ಟದ್ದನ್ನು ನೋಡಿದವರು ಮೂವರು: ಅತ್ತೆ, ಸೊಸೆ, ಇನ್ನೊಬ್ಬನ ಹೆಸರು ನೀವೇ ಊಹಿಸಿ.

ರಾತ್ರಿ ಊರೆಲ್ಲ ಪಟಾಕಿ. ಲಕ್ಷ್ಮಿ ಪಟಾಕಿಯ ಮೊದಲ ಸರಕ್ಕೇ ಕೆಂಪ ಹೊಸ ಕೌದಿಯ ಕೆಳಗೆ ಸೇರಿದ. ಪಾಪ, ನಡುಗುತ್ತಿದೆ, ಇರಲಿ ಬಿಡಿ ಎಂದು ಎಲ್ಲರೂ ಕರುಣೆ ತೋರಿಸಿ ಅಂಗಳಕ್ಕೆ ಹೋದರು. ಒಳಗೆ ಬಂದಾಗ ಕೌದಿಯ ಒಂದು ಮೂಲೆ ಬಾಯಿ ಬಿಟ್ಟಿತ್ತು, ಖಾಕಿಯ ಹೂವು ಹರಿದು ನೇತಾಡುತ್ತಿತ್ತು, ಕೆಂಪ ನಡುಗುತ್ತಲೇ ಮೂತಿ ನೆಕ್ಕಿಕೊಳ್ಳುತ್ತಿದ್ದ. ಅಕ್ಕ ಪೊರಕೆ ಹುಡುಕಿದಳು. ಭಾವ ಅಡ್ಡ ನಿಂತರು. “ಹೊಡಿಬ್ಯಾಡ. ಮೊದ್ಲು ರಿಪೋರ್ಟ್ ಆಗ್ಬೇಕು” ಎಂದು ಕೂತು ಒಂದೂವರೆ ಪುಟ ಬರೆದರು. ಯೂನಿಟ್ ನಿರ್ದೋಷಿ, ತಿನ್ನುವ ಪದಾರ್ಥವನ್ನು ಇನ್ಸುಲೇಷನ್ ಒಳಗೆ ಇಟ್ಟದ್ದು ನಿರ್ಮಾಣದ ದೋಷ, ಮುಂದೆ ಹೀಗಾಗದಂತೆ ನೋಡಿಕೊಳ್ಳತಕ್ಕದ್ದು. ಸೊಸೆ ಅದನ್ನು ಓದಿ, “ಮಾವನೋರ, ನಮ್ಮವ್ವಗ ನೋಟಿಸ್ ಕಳಸ್ತೀರೇನ ಮತ್ತ?” ಎಂದಳು.

ರಿಪೇರಿ ಯಾರು ಮಾಡಬೇಕು? ಅಕ್ಕ ಸೂಜಿ ತೆಗೆದಳು. ಭಾವ ಕೈಚಾಚಿ ಇಸಿದುಕೊಂಡರು. ಖಾಕಿ ತಮ್ಮದು, ಎಲ್.ಸಿ. ಕೊಟ್ಟವರು ತಾವು, ಬೇರೆಯವರು ಮುಟ್ಟಕೂಡದು. ಭಾನುವಾರ ಬೆಳಿಗ್ಗೆ ನಾನು ಅಲ್ಲಿಗೆ ಹೋದಾಗ ಐವತ್ತು ಜನರ ಮೇಲೆ ದರ್ಬಾರು ಮಾಡಿದ ಫೋರ್‌ಮನ್ನು ಬಿಸಿಲಿಗೆ ಕಾಲು ಚಾಚಿ ಕೂತು, ನಾಲಿಗೆ ತುದಿ ಹೊರಗೆ ಹಾಕಿಕೊಂಡು, ಸೂಜಿಯಲ್ಲಿ ದಾರ ಪೋಣಿಸುತ್ತಿದ್ದರು. ಮೊಮ್ಮಗಳು ಟಾರ್ಚ್ ಹಿಡಿದಿದ್ದಳು, ಹಗಲಿನಲ್ಲಿ, ಯಾಕೆಂದರೆ ತಾತ ಹಿಡಿಯಲು ಹೇಳಿದ್ದರು. ಕೆಂಪ ತನ್ನ ಅಪರಾಧದ ಮೇಲೆಯೇ ತಲೆಯಿಟ್ಟು ಮಲಗಿದ್ದ. “ಭಾವ, ಚೆನ್ನಾಗಿ ಕೂತಿದೀರಲ್ಲ” ಎಂದೆ. “ಶಟ್‌ಡೌನ್ ಐತೆ, ಮಾತಾಡಿಸ್ಬೇಡ” ಎಂದರು. ಅಕ್ಕ ಒಳಗಿನಿಂದಲೇ, “ಲೋ ತಮ್ಮ, ಈ ಮೂಲೆ ಹೊಲ್ಯಕ್ಕೆ ಬೆಳಗಿಂದ ಮೂರು ಕಾಫಿ ಆಯ್ತು. ಉಳಿದ ಕೌದಿ ಪೂರ್ತಿ ಹೊಲ್ಯಕ್ಕೆ ನನಗೆ ಯಾರೂ ಒಂದೂ ಕೊಡ್ಲಿಲ್ಲ” ಎಂದಳು. ಇದು ಲಾಗ್‌ಬುಕ್ಕಿನಲ್ಲಿ ದಾಖಲಾಗಲಿಲ್ಲ.

ಹೊಲಿಗೆಯ ಬಗ್ಗೆ ನನ್ನ ತೀರ್ಪು ಕೇಳಿದರೆ, ನೋಡಲು ಅದರಷ್ಟು ಕುರೂಪ ಇನ್ನೊಂದಿಲ್ಲ. ಒಂದರ ಮೇಲೊಂದು ಗಂಟು, ವೈರಿಗೆ ಟೇಪು ಸುತ್ತಿದ ಹಾಗೆ. ಆದರೆ ಎರಡು ಸಲ ಒಗೆದರೂ ಅಲ್ಲಾಡಿಲ್ಲ. ಅಕ್ಕನ ಅಂದದ ಮೂರು ಮೂಲೆಗಳಲ್ಲಿ ಒಂದು ಆಗಲೇ ದಾರ ಬಿಟ್ಟಿದೆ ಎಂದು ಭಾವ ನೆಂಟರಿಗೆಲ್ಲ ತೋರಿಸುತ್ತಾರೆ. ಈ ಕಾರ್ತಿಕದಲ್ಲಿ ಎರಡನೇ ಕೌದಿ ಶುರುವಾಗಿದೆ. ಎರಡನೇ ಶರ್ಟಿಗೆ ಅರ್ಜಿ ಹೋಗಿದೆ. ಮೊದಲ ಎಲ್.ಸಿ. ವಾಪಸಾಗದೆ ಎರಡನೆಯದು ಕೊಡುವ ನಿಯಮವಿಲ್ಲ ಎಂದು ಭಾವ, ಹಾಗಾದರೆ ಕೌದಿ ಬಿಚ್ಚಿ ಶರ್ಟು ಮಾಡಿಕೊಡುತ್ತೇನೆ ಎಂದು ಅಕ್ಕ. ಮೂಲೆಗೆ ರೊಟ್ಟಿ ಬೇಡ, ಅಕ್ಕಿ ಕಾಳು ಹಾಕೋಣ ಎಂಬಲ್ಲಿಗೆ ಸೊಸೆ ರಾಜಿಯಾಗಿದ್ದಾಳೆ. ಕೆಂಪನ ಅಭಿಪ್ರಾಯ ಯಾರೂ ಕೇಳಿಲ್ಲ.

ಮಳೆ ನಿಂತು ನೀರು ತುಂಬಿರುವ ದಿನಗಳಲ್ಲಿ ನೀವು ಗಗನಚುಕ್ಕಿ ನೋಡಲು ಬಂದೇ ಬರುತ್ತೀರಿ, ಜಲಪಾತೋತ್ಸವ ನಡೆಯುವ ವರ್ಷವಾದರೆ ಧುಮುಕುವ ನೀರಿಗೆ ಬಣ್ಣದ ದೀಪ ಬಿಡುವುದನ್ನು ನೋಡಲು ರಾತ್ರಿಯೂ ನಿಲ್ಲುತ್ತೀರಿ. ತಿರುವಿನಲ್ಲಿ ಕಂದು ನಾಯಿ ಜೊತೆ ನಿಂತ ಯಜಮಾನರೊಬ್ಬರು ಕೈ ಅಡ್ಡ ಹಿಡಿದು, ಕನ್ನಂಬಾಡಿಯಲ್ಲಿ ಇವತ್ತು ಎಷ್ಟು ಅಡಿ ಎಂದು ಹೇಳಿದರೆ ಗಾಬರಿಯಾಗಬೇಡಿ, ಕೇಳಿಸಿಕೊಂಡು ಮುಂದೆ ಹೋಗಿ. ನಾಯಿಗೆ ಬಿಸ್ಕತ್ತು ಹಾಕಬಹುದು. ಟ್ರಾಲಿಯ ಸುದ್ದಿ ಮಾತ್ರ ಎತ್ತಬೇಡಿ. ಎತ್ತಿದಿರೋ, ಮಧ್ಯಾಹ್ನದ ಮುದ್ದೆ ಅವರ ಮನೆಯಲ್ಲೇ ಉಂಡು, 1902ರಿಂದ ಶುರುಮಾಡಿ ಪೂರ್ತಿ ಕೇಳಿಯೇ ಏಳಬೇಕು. ಸಾರು ಚೆನ್ನಾಗಿರುತ್ತದೆ.